ಹಳಿ ಕಿತ್ತ ದಾರಿ, ಹಗ್ಗ ಎಳೆದ ದಾರಿ

2024ರ ಜುಲೈ 7ರಂದು ಟೂರ್ ಡಿ ಫ್ರಾನ್ಸ್ ಡಾಂಬರು ಬಿಟ್ಟು ಮಣ್ಣಿಗಿಳಿಯಿತು. ಷಾಂಪೇನ್ ಸೀಮೆಯ ತ್ರ್ವಾ ಪಟ್ಟಣದಿಂದ ಹೊರಟು ಅಲ್ಲಿಗೇ ಮರಳಿದ 199 ಕಿಲೋಮೀಟರಿನ ಆ ಹಂತದಲ್ಲಿ ದ್ರಾಕ್ಷಿತೋಟಗಳ ನಡುವಿನ ಬಿಳಿ ಸುಣ್ಣಕಲ್ಲಿನ ದಾರಿಗಳು 14 ತುಂಡುಗಳಾಗಿ ಸುಮಾರು 32 ಕಿಲೋಮೀಟರ್ ಬಂದವು. ಸವಾರರ ಮೈಮುಖವೆಲ್ಲ ಧೂಳು. ಆಂತೊನಿ ಟ್ಯುರ್ಜಿಸ್ ಗೆದ್ದ. ಇಂಥ ದಾರಿಯನ್ನು ಇಷ್ಟು ದೊಡ್ಡ ಪಂದ್ಯಕ್ಕೆ ಸೇರಿಸಿದ್ದು ಸರಿಯೇ ಎಂದು ತಂಡಗಳ ನಡುವೆ ವಾದವೂ ನಡೆಯಿತು. ದೂರದರ್ಶನದಲ್ಲಿ ನೋಡಿದವರಿಗೆ ಜಲ್ಲಿದಾರಿಯ ಸೈಕಲ್ ಸವಾರಿ ಗಟ್ಟಿಗರ ಆಟ ಎಂದೇ ಅನಿಸಿರಬೇಕು.

ಆದರೆ ಫ್ರಾನ್ಸಿನಲ್ಲಿ ಜಲ್ಲಿಯ ಮೇಲೆ ಸೈಕಲ್ ತುಳಿಯುವವರಲ್ಲಿ ಹೆಚ್ಚಿನವರು ಪಂದ್ಯದ ಜನರೇ ಅಲ್ಲ. ಹಿಂದಿನ ಸೀಟಿನಲ್ಲಿ ಮಗು ಕೂರಿಸಿಕೊಂಡ ತಾಯಿ, ಚೀಲ ಕಟ್ಟಿಕೊಂಡು ಹತ್ತು ದಿನದ ತಿರುಗಾಟಕ್ಕೆ ಹೊರಟ ನಿವೃತ್ತ ದಂಪತಿ, ಪಕ್ಕದೂರಿನ ಶಾಲೆಗೆ ಹೋಗುವ ಹುಡುಗಿ, ಇವರೆಲ್ಲ ಕಾರು ಲಾರಿಗಳಿಲ್ಲದ ದಾರಿಗಳಲ್ಲಿ ಓಡಾಡುತ್ತಾರೆ. ಆ ದಾರಿಗಳನ್ನು ಯಾರೂ ಸೈಕಲ್ಲಿಗೆಂದು ಕಡಿಯಲಿಲ್ಲ. ರೈಲು ಹೋಯಿತು, ಹಳಿಯ ಹಾಸು ಉಳಿಯಿತು. ದೋಣಿ ಎಳೆಯುವ ಕುದುರೆ ಹೋಯಿತು, ಕಾಲುವೆಯ ದಂಡೆ ಉಳಿಯಿತು. ಬಂಡಿ ಹೋಯಿತು, ಬಂಡಿಯ ಜಾಡು ಅಲ್ಲಲ್ಲಿ ಉಳಿಯಿತು. ಕೆಲಸ ಮುಗಿದ ನೆಲವನ್ನು ಎಷ್ಟರಮಟ್ಟಿಗೆ ಸಾರ್ವಜನಿಕ ಒಡೆತನದಲ್ಲೇ ಇಟ್ಟುಕೊಂಡರೋ ಅಷ್ಟರಮಟ್ಟಿಗೆ ಇಂದು ಸೈಕಲ್ಲಿಗೆ ದಾರಿ ಇದೆ. ಮಾರಿಬಿಟ್ಟ ಕಡೆ ದಾರಿ ತುಂಡಾಗಿದೆ. ಈ ಇಡೀ ವಿಷಯವನ್ನು ನಾನು ನೋಡುವುದು ಈ ಒಂದು ಕಣ್ಣಿನಿಂದ. ಪ್ರವಾಸೋದ್ಯಮದ ಕೈಪಿಡಿಗಳು ಊಟ, ಕೋಟೆ, ವೈನ್ ಇವುಗಳ ಬಗ್ಗೆ ಹೇಳುತ್ತವೆ. ದಾರಿಯ ನೆಲ ಯಾರದು ಎಂಬುದನ್ನು ಹೇಳುವುದಿಲ್ಲ.

ರೈಲಿನಿಂದ ಶುರುಮಾಡೋಣ. 1879ರಲ್ಲಿ ಲೋಕೋಪಯೋಗಿ ಸಚಿವನಾಗಿದ್ದ ಶಾರ್ಲ್ ದ ಫ್ರೆಸಿನೆ, ದೇಶದ ಪ್ರತಿ ಉಪವಿಭಾಗದ ಕೇಂದ್ರಕ್ಕೂ ರೈಲು ಮುಟ್ಟಿಸುವ ಯೋಜನೆ ಹಾಕಿದ. ಗುಡ್ಡಗಾಡಿನ ಸಣ್ಣ ಪೇಟೆಗಳಿಗೂ ಹಳಿ ಹೋಯಿತು. ಮೊದಲ ಮಹಾಯುದ್ಧದ ಹೊತ್ತಿಗೆ ಮುಖ್ಯ ಜಾಲವೇ ಸುಮಾರು 40,000 ಕಿಲೋಮೀಟರ್ ಇತ್ತು. ಅದರ ಜೊತೆಗೆ ಮೀಟರ್‌ಗೇಜಿನ ಸ್ಥಳೀಯ ಮಾರ್ಗಗಳು ಇನ್ನೂ ಸುಮಾರು 20,000 ಕಿಲೋಮೀಟರ್. ಆಮೇಲೆ ಬಸ್ಸು ಬಂತು, ಲಾರಿ ಬಂತು. 1938ರಲ್ಲಿ ದೊಡ್ಡ ಖಾಸಗಿ ಕಂಪನಿಗಳನ್ನು ಒಗ್ಗೂಡಿಸಿ ರಾಷ್ಟ್ರೀಯ ರೈಲ್ವೆ ಹುಟ್ಟಿದ ಕೂಡಲೇ ಮೊದಲ ದೊಡ್ಡ ಕಡಿತ ನಡೆಯಿತು, ಯುದ್ಧದ ನಂತರ ಮತ್ತೆ ಮತ್ತೆ ನಡೆಯಿತು. ಇಂದು ಓಡುತ್ತಿರುವುದು 28,000 ಕಿಲೋಮೀಟರಿನ ಆಸುಪಾಸು. ಉಳಿದದ್ದರಲ್ಲಿ ಒಂದಷ್ಟು ಹೊಲವಾಯಿತು, ಒಂದಷ್ಟು ಬೈಪಾಸ್ ರಸ್ತೆಯಾಯಿತು, ಒಂದಷ್ಟು ಮುಳ್ಳುಪೊದೆ ಬೆಳೆದು ಮಲಗಿತು. ಆ ಪೊದೆಯೊಳಗೆ ಮಲಗಿದ್ದೇ ಸೈಕಲ್ಲಿನವರ ಭಾಗ್ಯ.

ಬರ್ಗಂಡಿಯ ದಕ್ಷಿಣದಲ್ಲಿ, ಜಿವ್ರಿಯಿಂದ ಕ್ಲುನಿಯವರೆಗೆ ಹೀಗೆ ಬಿದ್ದಿದ್ದ 44 ಕಿಲೋಮೀಟರ್ ರೈಲುಹಾಸನ್ನು 1997ರಲ್ಲಿ ನಡೆಯುವವರಿಗೂ ಸೈಕಲ್ಲಿನವರಿಗೂ ತೆರೆದರು. ಫ್ರಾನ್ಸಿನ ಮೊದಲ ‘ವ್ವಾ ವೆರ್ತ್’, ಹಸಿರುದಾರಿ, ಎಂದು ಹೆಸರಾದದ್ದು ಅದೇ. ಅದರ ಮೈಗೆ ಡಾಂಬರು ಹಾಕಿದರು, ಆದ್ದರಿಂದ ಜಲ್ಲಿಯ ಕಥೆಗೆ ಅದು ಪೂರ್ತಿ ಸೇರುವುದಿಲ್ಲ. ಆದರೂ ದಾರಿ ತೋರಿಸಿದ್ದು ಅದು. ಮುಂದೆ ಮಾಕೋನ್ ಕಡೆ ಹೋಗುವಾಗ ಬ್ವಾ ಕ್ಲೇರ್ ಎಂಬಲ್ಲಿ 1.6 ಕಿಲೋಮೀಟರ್ ಉದ್ದದ ಸುರಂಗ ಇದೆ. ಚಳಿಗಾಲದಲ್ಲಿ ಅದಕ್ಕೆ ಬಾಗಿಲು ಹಾಕುತ್ತಾರೆ, ಒಳಗೆ ಬಾವಲಿಗಳು ಮಲಗಿರುತ್ತವೆ. ಸೈಕಲ್ಲಿನವರು ಆ ತಿಂಗಳುಗಳಲ್ಲಿ ಗುಡ್ಡ ಹತ್ತಿ ಇಳಿಯಬೇಕು. ಚಳಿಗಾಲ ಪೂರ್ತಿ ಬಾವಲಿಗೆ ಸುರಂಗ ಬಿಟ್ಟುಕೊಡುವ ಈ ಏರ್ಪಾಟು ನನಗೆ ತುಂಬ ಹಿಡಿಸಿದ ಸಂಗತಿ.

ಮೊದಲ ದಾರಿ ತೆರೆದ ಮರುವರ್ಷವೇ ಸರ್ಕಾರ ಸೈಕಲ್ ಮಾರ್ಗಗಳ ರಾಷ್ಟ್ರೀಯ ನಕ್ಷೆಯೊಂದನ್ನು ಒಪ್ಪಿತು. 2004ರ ಸೆಪ್ಟೆಂಬರ್ 16ರ ಆಜ್ಞೆ ಹಸಿರುದಾರಿಗೆ ರಸ್ತೆ ಸಂಚಾರ ಸಂಹಿತೆಯಲ್ಲಿ ಜಾಗ ಕೊಟ್ಟಿತು. ಮೋಟಾರಿಲ್ಲದ ವಾಹನ, ನಡೆಯುವವರು, ಕುದುರೆ ಸವಾರರು, ಇವರಿಗಷ್ಟೇ ಮೀಸಲಾದ ರಸ್ತೆ ಎಂದು ಅದರ ಅರ್ಥವನ್ನು ಕಾನೂನೇ ಬರೆಯಿತು. ಅದಾಗಲೇ ಇದ್ದ ಉದ್ಯಾನದ ಕಾಲುದಾರಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದು. ಒಮ್ಮೆ ಫಲಕ ನೆಟ್ಟರೆ ಅದು ರಸ್ತೆ, ಅಲ್ಲಿ ಕಾರು ನುಗ್ಗಿಸುವುದು ಅಪರಾಧ.

ಹೀಗೆ ಹುಟ್ಟಿದ ದಾರಿಗಳಲ್ಲಿ ಎರಡರ ಬಗ್ಗೆ ತುಸು ನಿಂತು ಹೇಳಬೇಕು. ಮೊದಲನೆಯದು ಆರ್ದೆಶ್ ಜಿಲ್ಲೆಯ ಡೋಲ್ಚೆ ವಿಯಾ. ರೋನ್ ನದಿಯ ದಡದ ಲಾ ವೂಲ್ಟ್‌ನಿಂದ ಎರಿಯೂ ಕಣಿವೆ ಹಿಡಿದು ಲ ಶೆಲಾರ್‌ಗೆ, ಅಲ್ಲಿಂದ ಒಂದು ಕವಲು ಸಾವಿರ ಮೀಟರ್ ದಾಟಿದ ಎತ್ತರದ ಸೇಂಟ್ ಆಗ್ರೆವ್‌ಗೆ, ಇನ್ನೊಂದು ಲಾಮಾಸ್ತ್ರ್‌ಗೆ. ಒಟ್ಟು ಸುಮಾರು 90 ಕಿಲೋಮೀಟರ್, ಹೆಚ್ಚುಪಾಲು ಉರುಳೆ ಹೊಡೆದ ಸಣ್ಣ ಜಲ್ಲಿ. 1968ರ ಶರತ್ಕಾಲದಲ್ಲಿ ನಿಂತುಹೋದ ಮೀಟರ್‌ಗೇಜು ರೈಲು ಇಲ್ಲಿ ಓಡುತ್ತಿತ್ತು. ಸಣ್ಣ ಗೇಜು ಆದ್ದರಿಂದ ಹಾಸು ಗುಡ್ಡದ ಮೈಗೆ ಒತ್ತಿಕೊಂಡೇ ತಿರುತಿರುಗಿ ಹತ್ತುತ್ತದೆ. ಸೇತುವೆ ದಾಟಿ, ಬಂಡೆ ಕೊರೆದ ಓಣಿ ಹೊಕ್ಕು, ಮತ್ತೆ ಕಣಿವೆಯ ಇನ್ನೊಂದು ಮಗ್ಗುಲಿಗೆ. ಉಗಿಬಂಡಿ ಏದುಸಿರು ಬಿಡದೆ ಹತ್ತಲು ಇಳಿಜಾರನ್ನು ಎಷ್ಟು ಹಿತವಾಗಿ ಇಟ್ಟಿದ್ದರೋ ಅಷ್ಟೇ ಹಿತವಾಗಿ ಇವತ್ತು ಎಂಟು ವರ್ಷದ ಮಗುವೂ ಹತ್ತುತ್ತದೆ. ಪರ್ವತದ ಜಿಲ್ಲೆಯಲ್ಲಿ ಪರ್ವತ ಹತ್ತುವ ಕಷ್ಟವಿಲ್ಲದೆ ಮೇಲೆ ಹೋಗುವ ಇಂಥ ದಾರಿಗಳು ಕಡಿಮೆ. ಕಣಿವೆಯ ಕೆಳಭಾಗ ಒಂದು ಕಾಲಕ್ಕೆ ಪೀಚ್ ಹಣ್ಣಿಗೆ ಹೆಸರುವಾಸಿ. ಆ ಹಣ್ಣು ಹೊರಗಿನ ಪೇಟೆಗಳಿಗೆ ಹೋದದ್ದು ಇದೇ ರೈಲಿನಲ್ಲಿ.

ಎರಡನೆಯದು ದಕ್ಷಿಣದ ಪಾಸಾ ಪಾಯಿಸ್. ಬೆದಾರಿಯೂ ಊರಿನಿಂದ ಮಾಜಾಮೆವರೆಗೆ 75 ಕಿಲೋಮೀಟರಿಗೂ ಹೆಚ್ಚು, ಓ-ಲಾಂಗೆದಾಕ್ ನೈಸರ್ಗಿಕ ಉದ್ಯಾನದ ಒಳಗೆ. ಇಲ್ಲಿ ಒಂದೇ ದಿನದಲ್ಲಿ ಎರಡು ಹವಾಮಾನ ನೋಡಬಹುದು. ಪೂರ್ವದಲ್ಲಿ ಓರ್ಬ್ ಮತ್ತು ಜೋರ್ ನದಿಗಳ ಬಿಸಿಲಿನ ಕಣಿವೆ, ಕಾರೂ ಬೆಟ್ಟದ ಬೋಳು ಬಂಡೆ, ಓಲಾರ್ಗ್ ಊರಿನ ಹಳೆಯ ಕಮಾನು ಸೇತುವೆ, ಚೆಸ್ಟ್‌ನಟ್ ತೋಪುಗಳು. ಕೂರ್ನಿಯು ದಾಟಿ ಫೆನಿಯ್ ಸುರಂಗ ಹೊಕ್ಕರೆ ಜಲವಿಭಾಜಕವನ್ನೇ ದಾಟಿದಂತೆ. ಈ ಕಡೆ ಬಿದ್ದ ಮಳೆ ಮೆಡಿಟರೇನಿಯನ್‌ಗೆ, ಆ ಕಡೆಯದು ಅಟ್ಲಾಂಟಿಕ್‌ಗೆ. ಸುರಂಗದಾಚೆ ಹಸಿರು ಕಪ್ಪಾಗುತ್ತದೆ, ಹುಲ್ಲು ಒದ್ದೆಯಾಗುತ್ತದೆ. ಇಲ್ಲಿಂದ ವಾಯವ್ಯಕ್ಕೆ ಕಾಸ್ತ್ರ್ ಮತ್ತು ಆಲ್ಬಿ ನಡುವೆ ಇನ್ನೊಂದು ಜಲ್ಲಿಯ ರೈಲುದಾರಿ ಇದೆ, ಮಾನವ ಹಕ್ಕುಗಳ ದಾರಿ ಎಂದೇ ಅದಕ್ಕೆ ಹೆಸರು. ಸಮಾಜವಾದಿ ನಾಯಕ ಜಾನ್ ಜೊರೆಸ್ ಹುಟ್ಟಿದ ಊರು ಕಾಸ್ತ್ರ್. ನಡುವಿನ ಲೋತ್ರೆಕ್ ಗುಲಾಬಿ ಬೆಳ್ಳುಳ್ಳಿಗೆ ಪ್ರಸಿದ್ಧ. ಪಿರಿನೀಸ್ ಬುಡದ ಫ್ವಾ ಊರಿನಿಂದ ಸೇಂಟ್ ಜಿರೋನ್‌ಗೆ ಹೋಗುವ 42 ಕಿಲೋಮೀಟರ್, ಉತ್ತರದ ಪೆರ್ಶ್ ಸೀಮೆಯಲ್ಲಿ ಕೊಂದೆಯಿಂದ ಅಲಾನ್ಸೋನ್‌ವರೆಗಿನ 67 ಕಿಲೋಮೀಟರ್, ಇವೂ ಅದೇ ಜಾತಿಯವು. ಎಲ್ಲದರ ವಿವರಕ್ಕೆ ಇಲ್ಲಿ ಎಡೆಯಿಲ್ಲ.

ರೈಲುಹಾಸಿನ ಬಗ್ಗೆ ಒಂದು ತಕರಾರು ಇದೆ, ಅದನ್ನು ಮುಚ್ಚಿಡಬಾರದು. ಹಳ್ಳಿಗಾಡಿಗೆ ಮತ್ತೆ ರೈಲು ಬರಬೇಕೆಂದು ಹೋರಾಡುವ ಪ್ರಯಾಣಿಕರ ಸಂಘಗಳು, ಹಳಿ ಕಿತ್ತು ಸೈಕಲ್ ದಾರಿ ಮಾಡಿದರೆ ರೈಲಿನ ಕೊನೆಯ ಆಸೆಯೂ ಹೋಯಿತು ಎನ್ನುತ್ತವೆ. ಅವರ ಮಾತಿನಲ್ಲಿ ಸತ್ವವಿದೆ. ಸೈಕಲ್ ದಾರಿ ರೈಲಿಗೆ ಬದಲಿಯಾಗದು. ಮುದುಕಿಯೊಬ್ಬಳು ಆಸ್ಪತ್ರೆಗೆ ಹೋಗಬೇಕಾದರೆ ಅವಳಿಗೆ ಬೇಕಾದದ್ದು ರೈಲೇ. ಆದರೆ ಹಲವು ಕಡೆ ಏರ್ಪಾಟು ಹೀಗಿದೆ: ನೆಲದ ಒಡೆತನ ರೈಲ್ವೆಯ ಬಳಿಯೇ ಇರುತ್ತದೆ, ಸ್ಥಳೀಯ ಸಂಸ್ಥೆ ನಿರ್ವಹಣೆಯನ್ನು ಮಾತ್ರ ವಹಿಸಿಕೊಳ್ಳುತ್ತದೆ, ಮುಂದೊಂದು ದಿನ ರೈಲು ಬೇಕೆಂದರೆ ಜಾಗ ಹಿಂದಿರುಗುತ್ತದೆ. ಪೊದೆ ಬೆಳೆದು, ಅಕ್ಕಪಕ್ಕದವರು ಒತ್ತುವರಿ ಮಾಡಿ, ಕೊನೆಗೆ ಚೂರುಚೂರಾಗಿ ಮಾರಾಟವಾಗುವುದಕ್ಕಿಂತ ಜನ ಓಡಾಡುವ ದಾರಿಯಾಗಿ ಆ ಪಟ್ಟಿ ಅಖಂಡವಾಗಿರುವುದು ರೈಲಿಗೂ ಒಳ್ಳೆಯದು. ಇದು ನನ್ನ ತೀರ್ಮಾನ. ಹಳಿ ಇನ್ನೂ ಗಟ್ಟಿಯಿದ್ದು ರೈಲಿಗೆ ಜನರಿರುವ ಕಡೆ ಮಾತ್ರ ಸೈಕಲ್ಲಿನವರು ಹಿಂದೆ ಸರಿಯಬೇಕು.

ಕಾಲುವೆಯ ದಂಡೆ ಇನ್ನೂ ಹಳೆಯದು. ಎಂಜಿನ್ ಬರುವ ಮುನ್ನ ದೋಣಿಗಳನ್ನು ಹಗ್ಗ ಕಟ್ಟಿ ದಡದಿಂದ ಎಳೆಯುತ್ತಿದ್ದರು, ಕುದುರೆಯೋ ಕತ್ತೆಯೋ ಎಷ್ಟೋ ಸಲ ಮನುಷ್ಯರೋ. ಹಾಗೆ ಎಳೆಯುವವರಿಗಾಗಿ ದೋಣಿ ಓಡುವ ನದಿಗಳ ದಡದಲ್ಲಿ 7.80 ಮೀಟರ್ ಅಗಲ ಬಿಡಬೇಕೆಂಬ ಕಟ್ಟಳೆ ರಾಜರ ಕಾಲದಿಂದ ಬಂದದ್ದು, ಎದುರು ದಡದಲ್ಲಿ 3.25 ಮೀಟರ್. ಹಗ್ಗ ಎಳೆಯುವವರು ಇಲ್ಲವಾಗಿ ಎಷ್ಟೋ ಕಾಲವಾಯಿತು. ಆದರೆ ಆ ಪಟ್ಟಿಗೆ ಯಾರೂ ಬೇಲಿ ಹಾಕಿಕೊಳ್ಳಲಾಗಲಿಲ್ಲ. ಹಳೆಯ ಕಟ್ಟಳೆಯೊಂದು ಹೀಗೆ ಹೊಸ ಕಾಲಕ್ಕೆ ಒದಗಿದ ಉದಾಹರಣೆಗಳು ಕಡಿಮೆ. ಮಾಯೆನ್ ನದಿಯ ಎಳೆದಾರಿ, ಅದೇ ಹೆಸರಿನ ಜಿಲ್ಲೆಯಲ್ಲಿ ಸುಮಾರು 85 ಕಿಲೋಮೀಟರ್ ನೀರಿಗೆ ಅಂಟಿಕೊಂಡೇ ಹೋಗುತ್ತದೆ. ಇದು ಆ ಕಟ್ಟಳೆಯ ಫಲ.

ಜಲ್ಲಿದಾರಿಯ ರುಚಿ ಹಿಡಿಸಿಕೊಳ್ಳಬೇಕಾದರೆ ಒಂದೇ ಒಂದು ಕಾಲುವೆ ಹೇಳಿ ಎಂದರೆ ನಾನು ಪಶ್ಚಿಮದ ಬ್ರಿಟನಿ ಸೀಮೆಯ ನಾಂತ್-ಬ್ರೆಸ್ಟ್ ಕಾಲುವೆ ಎನ್ನುತ್ತೇನೆ. 364 ಕಿಲೋಮೀಟರ್. ಇಂಗ್ಲಿಷ್ ನೌಕಾಪಡೆ ಸಮುದ್ರ ಕಾಯುತ್ತಿದ್ದ ಕಾಲದಲ್ಲಿ ಬ್ರೆಸ್ಟ್ ಬಂದರಿಗೆ ಒಳನಾಡಿನಿಂದಲೇ ಸರಕು ಮುಟ್ಟಿಸಬೇಕೆಂದು ನೆಪೋಲಿಯನ್ ಆಳ್ವಿಕೆಯಲ್ಲಿ ಯೋಚಿಸಿದ್ದು, 1811ರಲ್ಲಿ ಅಗೆತ ಶುರು, 1842ರ ಹೊತ್ತಿಗೆ ದೋಣಿ ಓಡಿತು. ಅಷ್ಟರಲ್ಲಿ ಯುದ್ಧವೂ ಮುಗಿದಿತ್ತು, ನೆಪೋಲಿಯನ್ನನೂ ಸತ್ತಿದ್ದ. ಕಾಲುವೆಯ ಅತಿ ಎತ್ತರದ ಜಾಗ ಗ್ಲೊಮೆಲ್. ಅಲ್ಲಿಯ ಆಳವಾದ ಕಡಿತವನ್ನು 1820ರ ದಶಕದಲ್ಲಿ ಕೈದಿಗಳಿಂದ, ಸೇನೆ ಬಿಟ್ಟು ಓಡಿ ಸಿಕ್ಕಿಬಿದ್ದವರಿಂದ ಅಗೆಸಿದರು. ಇವತ್ತು ಓಕ್ ಮರಗಳ ನೆರಳಿನಲ್ಲಿ ತಣ್ಣಗೆ ಸಾಗುವ ಆ ಓಣಿಯ ಎರಡೂ ಗೋಡೆ ಮನುಷ್ಯರು ಗುದ್ದಲಿ ಹಿಡಿದು ಕಡಿದದ್ದು, ಅದನ್ನು ತಿಳಿದೇ ಅಲ್ಲಿ ಸಾಗಬೇಕು. ದೋಣಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ ಇಳಿಸುವ ಲಾಕ್‌ಗೇಟುಗಳು ಇನ್ನೂರಕ್ಕೂ ಹೆಚ್ಚು. ರೊಆನ್ ಮತ್ತು ಪೋಂತಿವಿ ನಡುವೆ ಇಪ್ಪತ್ತೈದು ಕಿಲೋಮೀಟರಿನಷ್ಟು ದೂರದಲ್ಲೇ 54. ಎಷ್ಟೋ ಗೇಟುಗಳಿಗೆ ಒಂದೊಂದು ಕಾವಲುಗಾರನ ಮನೆ, ಮನೆಯ ಮುಂದೆ ಹೂವು. ಸೈಕಲ್ಲಿಗೆ ಇದರ ಅರ್ಥ: ಸಪಾಟು, ಒಂದು ಚಿಕ್ಕ ಏರು, ಮತ್ತೆ ಸಪಾಟು.

ಈ ಕಾಲುವೆ ನಡುವೆ ಕಡಿದುಹೋಗಿದೆ. 1920ರ ದಶಕದಲ್ಲಿ ವಿದ್ಯುತ್ತಿಗಾಗಿ ಗೆರ್ಲೆದಾನ್ ಅಣೆಕಟ್ಟು ಕಟ್ಟಲು ಹೊರಟರು, 1930ಕ್ಕೆ ಅದು ಮುಗಿಯಿತು, 17 ಲಾಕ್‌ಗೇಟುಗಳು ನೀರಿನಡಿ ಹೋದವು. ದೋಣಿಗಳು ಮತ್ತೆಂದೂ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಲಿಲ್ಲ. 2015ರಲ್ಲಿ ಅಣೆಕಟ್ಟಿನ ತಪಾಸಣೆಗಾಗಿ ಕೆರೆ ಬರಿದು ಮಾಡಿದಾಗ ಮುಳುಗಿದ್ದ ಗೇಟುಗಳು, ಮನೆಗಳು, ಕಪ್ಪು ಮರದ ಬೊಡ್ಡೆಗಳು ಹೊರಬಂದವು. ನೋಡಲು ಜನ ಲಕ್ಷಗಟ್ಟಲೆ ಬಂದರು. ದೋಣಿಗೆ ಮುಚ್ಚಿದ ದಾರಿ ಸೈಕಲ್ಲಿಗೆ ತೆರೆದೇ ಇದೆ, ಕೆರೆಯ ಬದಿಯಿಂದ ಬಳಸಿಕೊಂಡು ಹೋಗಬಹುದು.

ಹೆಸರಿನಲ್ಲಿ ಎಲ್ಲಕ್ಕಿಂತ ದೊಡ್ಡದು ಕನಾಲ್ ದು ಮಿದಿ. ತುಲೂಸ್‌ನಿಂದ ಸೆತ್‌ವರೆಗೆ 240 ಕಿಲೋಮೀಟರ್. ಪಿಯೆರ್-ಪೋಲ್ ರಿಕೆ 1666ರಲ್ಲಿ ಕೈಹಾಕಿದ, 1680ರಲ್ಲಿ ತೀರಿಕೊಂಡ, ಮರುವರ್ಷ ಕಾಲುವೆ ತೆರೆಯಿತು. 1996ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಆದರೆ ಸೈಕಲ್ಲಿನ ದೃಷ್ಟಿಯಿಂದ ಇದು ಹೆಸರಿನಷ್ಟು ಸುಖದ ದಾರಿ ಅಲ್ಲ ಎಂಬುದನ್ನು ಹೇಳಲೇಬೇಕು. ತುಲೂಸ್ ಕಡೆಯ ಸುಮಾರು 50 ಕಿಲೋಮೀಟರ್ ನುಣ್ಣನೆಯ ಡಾಂಬರು. ಔಡ್ ಜಿಲ್ಲೆ ಹೊಕ್ಕ ಮೇಲೆ ಮರದ ಬೇರು, ಮಳೆಗಾಲದಲ್ಲಿ ಕೆಸರು, ಕೆಲವೆಡೆ ಒಂದು ಅಡಿ ಅಗಲದ ಕಾಲುಹಾದಿ. ಈಚೆಗೆ ತುಣುಕು ತುಣುಕಾಗಿ ಸರಿಪಡಿಸುತ್ತಿದ್ದಾರೆ. ಅದಕ್ಕಿಂತ ದೊಡ್ಡ ದುಃಖ ಮರಗಳದು. ದಂಡೆಯಲ್ಲಿ 42,000ದಷ್ಟು ಪ್ಲೇನ್ ಮರಗಳಿದ್ದವು. ಅವುಗಳನ್ನು ಕೊಲ್ಲುವ ಶಿಲೀಂಧ್ರವೊಂದು 2006ರಲ್ಲಿ ಇಲ್ಲಿ ಪತ್ತೆಯಾಯಿತು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಮದ್ದುಗುಂಡಿನ ಮರದ ಪೆಟ್ಟಿಗೆಗಳ ಜೊತೆ ಯುರೋಪಿಗೆ ಬಂದದ್ದೆಂದು ಹೇಳುತ್ತಾರೆ. ಮದ್ದಿಲ್ಲ. ಸೋಂಕು ತಗುಲಿದ ಮರವನ್ನೂ ಅದರ ನೆರೆಯ ಮರಗಳನ್ನೂ ಕಡಿದು ಸುಡುವುದೊಂದೇ ಉಪಾಯ. ಅರ್ಧಕ್ಕಿಂತ ಹೆಚ್ಚು ಮರಗಳು ಹೀಗೆ ಹೋದವು, ಬೇರೆ ಬೇರೆ ಜಾತಿಯ ಸಸಿಗಳನ್ನು ನೆಡುತ್ತಿದ್ದಾರೆ. ಹಳೆಯ ಚಿತ್ರ ನೋಡಿ ನೆರಳಿನ ಆಸೆಯಿಂದ ಆಗಸ್ಟಿನಲ್ಲಿ ಹೋದವರಿಗೆ ಬಯಲು ಬಿಸಿಲು ಸಿಕ್ಕೀತು.

ಬರ್ಗಂಡಿಯ ನಿವೆರ್ನೆ ಕಾಲುವೆ, ಓಸೇರ್‌ನಿಂದ ದೆಸಿಜ್ ಬಳಿಯವರೆಗೆ 174 ಕಿಲೋಮೀಟರ್, ಅಷ್ಟು ಹೆಸರಿಲ್ಲದ್ದರಿಂದಲೇ ನೆಮ್ಮದಿಯಾಗಿದೆ. ಪ್ಯಾರಿಸಿನ ಒಲೆಗಳಿಗೆ ಮೋರ್ವಾನ್ ಕಾಡಿನ ಸೌದೆ ಸಾಗಿಸಲು ತೋಡಿದ್ದು ಅದು. ಅದಕ್ಕೂ ಮುಂಚೆ ಕ್ಲಾಮ್ಸಿಯ ಜನ ಮರದ ದಿಮ್ಮಿಗಳನ್ನೇ ತೆಪ್ಪ ಕಟ್ಟಿ ಯೊನ್ ನದಿಯಲ್ಲಿ ತೇಲಿಸಿಬಿಡುತ್ತಿದ್ದರು. ದಂಡೆಯ ಹಾಸು ಒಮ್ಮೆ ಡಾಂಬರು, ಒಮ್ಮೆ ಜಲ್ಲಿ, ಒಮ್ಮೆ ಹುಲ್ಲು.

ಇಷ್ಟು ಹೊತ್ತು ಹೇಳಿದ್ದೆಲ್ಲ ಫಲಕ ನೆಟ್ಟ ದಾರಿಗಳು. ನಕ್ಷೆಯಲ್ಲಿ ತೆಳುಗೆರೆಯಾಗಿ ಮಾತ್ರ ಕಾಣುವ ಮೂರನೆಯ ಬಗೆ ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದು: ಹಳ್ಳಿಯ ಮಣ್ಣುದಾರಿ. ಹೊಲಕ್ಕೆ, ಕಾಡಿಗೆ, ಪಕ್ಕದ ಊರಿಗೆ, ಗಿರಣಿಗೆ ಹೋಗುತ್ತಿದ್ದ ಬಂಡಿಜಾಡುಗಳು. ನಿಜವಾದ ಜಲ್ಲಿ ಸವಾರರು ಹುಡುಕಿಕೊಂಡು ಹೋಗುವುದು ಇವನ್ನೇ. ಇವುಗಳ ಕಾನೂನು ವಿಚಿತ್ರವಾಗಿದೆ. 1959ರ ಜನವರಿಯ ಒಂದು ಸುಗ್ರೀವಾಜ್ಞೆ ಊರಿನ ದಾರಿಗಳನ್ನು ಎರಡಾಗಿ ವಿಂಗಡಿಸಿತು. ಒಂದು, ಗ್ರಾಮಾಡಳಿತದ ಸಾರ್ವಜನಿಕ ರಸ್ತೆ, ಮಾರುವಂತಿಲ್ಲ. ಇನ್ನೊಂದು, ಗ್ರಾಮದ ಖಾಸಗಿ ಆಸ್ತಿಯಾಗಿ ಉಳಿದ, ಆದರೆ ಎಲ್ಲರೂ ಓಡಾಡಬಹುದಾದ ಮಣ್ಣುದಾರಿ. ಈ ಎರಡನೆಯದನ್ನು ಯಾರೂ ಬಳಸುತ್ತಿಲ್ಲವೆಂದು ತೋರಿಸಿ ಮಾರಬಹುದು. ಪಕ್ಕದ ರೈತ ಮೂವತ್ತು ವರ್ಷ ಉತ್ತುಕೊಂಡು ಬಂದರೆ ತನ್ನದೆಂದು ಸಾಧಿಸಲೂಬಹುದು. ಯುದ್ಧದ ನಂತರ ಟ್ರ್ಯಾಕ್ಟರಿಗಾಗಿ ಚೂರು ಹೊಲಗಳನ್ನೆಲ್ಲ ಒಗ್ಗೂಡಿಸಿದ ಕಾಲದಲ್ಲಿ ಬೇಲಿಸಾಲುಗಳ ಜೊತೆ ಇಂಥ ಎಷ್ಟೋ ದಾರಿಗಳು ನೇಗಿಲಿನಡಿ ಅಳಿದವು.

ಉಳಿದವನ್ನು ಕಾಯಲು ಮೂರು ಕಾನೂನುಗಳು ನೆರವಾದವು. 1983ರ ಜುಲೈ 22ರ ಕಾನೂನು ಪ್ರತಿ ಜಿಲ್ಲೆಗೂ ನಡಿಗೆ ದಾರಿಗಳ ಪಟ್ಟಿ ಮಾಡಲು ಹೇಳಿತು. ಒಮ್ಮೆ ಆ ಪಟ್ಟಿಗೆ ಸೇರಿದ ದಾರಿಯನ್ನು ಬದಲಿ ದಾರಿ ಕೊಡದೆ ಮಾರುವಂತಿಲ್ಲ. 1991ರ ಜನವರಿ 3ರ ಕಾನೂನು ಮೋಟಾರು ವಾಹನಗಳು ದಾರಿ ಬಿಟ್ಟು ಕಾಡುಮೇಡಿಗೆ ನುಗ್ಗುವುದನ್ನು ತಡೆಯಿತು. 2022ರ ಫೆಬ್ರವರಿಯ ಕಾನೂನು, ಗ್ರಾಮಾಡಳಿತ ತನ್ನ ಮಣ್ಣುದಾರಿಗಳ ಗಣತಿಗೆ ಕೈಹಾಕಿದರೆ ಆ ಅವಧಿಯಲ್ಲಿ ಮೂವತ್ತು ವರ್ಷದ ಲೆಕ್ಕವನ್ನು ನಿಲ್ಲಿಸುತ್ತದೆ. ಗಣತಿ ಕಡ್ಡಾಯವಲ್ಲ, ಇದೇ ಅದರ ಕೊರತೆ. ಮುನ್ನೂರು ಜನರಿರುವ ಹಳ್ಳಿಯ ಮೇಯರನಿಗೆ ಗಣತಿಗೆ ಪುರುಸೊತ್ತೂ ಇಲ್ಲ, ದಾರಿ ಉತ್ತುಕೊಂಡವನು ನೆಂಟನೇ ಆಗಿರುವುದೂ ಉಂಟು. ಆದ್ದರಿಂದ ದಾರಿ ಉಳಿಯುವುದು ಕೊನೆಗೂ ಬಳಕೆಯಿಂದ. ವಾರಕ್ಕೆ ಹತ್ತು ಸೈಕಲ್ಲು ಹೋಗುವ ದಾರಿಯನ್ನು ಯಾರೂ ಬಳಸುತ್ತಿಲ್ಲ ಎನ್ನಲಾಗದು.

ಈ ಬಗೆಯ ದಾರಿಗಳನ್ನು ಹೆಣೆದು ಮಾಡಿದ ದೊಡ್ಡ ಮಾರ್ಗ ಮಧ್ಯ ಫ್ರಾನ್ಸಿನ ಬೆಟ್ಟನಾಡಾದ ಮಾಸಿಫ್ ಸೆಂಟ್ರಾಲ್‌ನ ಮಹಾ ಅಡ್ಡದಾಟು. ಬರ್ಗಂಡಿಯ ಆವಾಲೋನ್‌ನಿಂದ ಮೆಡಿಟರೇನಿಯನ್ ದಂಡೆಯ ಕಾಪ್ ದಾಗ್ದ್‌ವರೆಗೆ ಸುಮಾರು 1,400 ಕಿಲೋಮೀಟರ್. ಮೋರ್ವಾನ್ ಕಾಡು, ಪುಯಿಗಳೆಂಬ ತಣ್ಣಗಾದ ಜ್ವಾಲಾಮುಖಿಗಳ ಸಾಲು, ಓಬ್ರಾಕ್ ಬಯಲು, ಸುಣ್ಣಕಲ್ಲಿನ ಕೋಸ್ ಪ್ರಸ್ಥಭೂಮಿ, ಸೆವೆನ್ ಬೆಟ್ಟಗಳು. ಕುರಿಮಂದೆಗಳು ಬೇಸಗೆಗೆ ಬೆಟ್ಟಕ್ಕೆ ಹೋಗಲು ಶತಮಾನಗಳಿಂದ ತುಳಿದ ಜಾಡುಗಳೂ ಇದರ ಭಾಗ. ಇದು ಮಕ್ಕಳನ್ನು ಕರೆದೊಯ್ಯುವ ದಾರಿಯಲ್ಲ, ದಪ್ಪ ಟೈರು ಬೇಕು, ಕಾಲಲ್ಲಿ ಕಸುವು ಬೇಕು.

ಕಾಡಿನ ದಾರಿಗಳಿಗೆ ಎರಡು ಎಚ್ಚರಿಕೆ. ನೈಋತ್ಯದ ಲಾಂದ್ ಪೈನ್ ಕಾಡಿನಲ್ಲೂ ಪ್ರೊವಾನ್ಸಿನಲ್ಲೂ ಕಾಡ್ಗಿಚ್ಚು ನಂದಿಸುವವರಿಗೆಂದು ಮಾಡಿದ ನೇರವಾದ ಜಲ್ಲಿದಾರಿಗಳ ಜಾಲವಿದೆ. ನೋಡಿದರೆ ಆಸೆ ಹುಟ್ಟುತ್ತದೆ. ಆದರೆ 2022ರ ಜುಲೈನಲ್ಲಿ ಜಿರೋಂದ್ ಜಿಲ್ಲೆಯ ಎರಡು ಬೆಂಕಿಗಳಲ್ಲಿ ಸುಮಾರು 20,000 ಹೆಕ್ಟೇರ್ ಉರಿಯಿತು. ಬೇಸಗೆಯಲ್ಲಿ ಅಪಾಯದ ದಿನಗಳಂದು ಜಿಲ್ಲಾಧಿಕಾರಿ ಕಾಡಿನ ಪ್ರವೇಶವನ್ನೇ ನಿಷೇಧಿಸುತ್ತಾರೆ, ಅದನ್ನು ಮೀರಬಾರದು. ಇನ್ನೊಂದು, ಶರತ್ಕಾಲದಿಂದ ಚಳಿಗಾಲದ ಕೊನೆಯವರೆಗೆ ಬೇಟೆಯ ಕಾಲ. ಭಾನುವಾರ ಬೆಳಗ್ಗೆ ಕಾಡಿಗೆ ಹೋಗುವುದಾದರೆ ಕಣ್ಣು ಕುಕ್ಕುವ ಬಣ್ಣದ ಅಂಗಿ ತೊಡಿ, ಬೇಟೆ ನಡೆಯುತ್ತಿದೆ ಎಂಬ ಫಲಕ ಕಂಡರೆ ಹಿಂತಿರುಗಿ.

ಇನ್ನು ಹಾಸಿನ ಪ್ರಶ್ನೆ. ಹಸಿರುದಾರಿಗೆ ಡಾಂಬರು ಹಾಕಬೇಕೋ, ಉರುಳೆ ಹೊಡೆದ ಜಲ್ಲಿ ಸಾಕೋ? ಪ್ರತಿ ಜಿಲ್ಲಾ ಮಂಡಳಿಯಲ್ಲೂ ಈ ವಾದ ಇದೆ. ಡಾಂಬರಿನ ಪರ ಹೇಳುವವರು ಗಾಲಿಕುರ್ಚಿಯವರನ್ನು, ಮಳೆಯಲ್ಲೂ ಕೆಲಸಕ್ಕೆ ಹೋಗುವವರನ್ನು ಮುಂದಿಡುತ್ತಾರೆ. ಆ ಮಾತು ನ್ಯಾಯವಾದದ್ದು. ಜಲ್ಲಿಗೆ ಮೊದಲ ಖರ್ಚು ಕಡಿಮೆ, ಆದರೆ ಆರೈಕೆ ಹೆಚ್ಚು. ಮಳೆ ನೀರು ಬದಿಗೆ ಜಾರುವಂತೆ ಮೈ ಇರಬೇಕು, ಚರಂಡಿ ಕಟ್ಟಬಾರದು, ನಡುವಿನ ಹುಲ್ಲು ಕೆತ್ತಬೇಕು, ಟ್ರ್ಯಾಕ್ಟರು ದಾಟಿದ ಕಡೆ ಗುಂಡಿ ಮುಚ್ಚಬೇಕು. ಇದನ್ನು ಮಾಡದ ಜಿಲ್ಲೆಗಳಲ್ಲಿ ಐದಾರು ವರ್ಷಕ್ಕೆ ದಾರಿ ಹಾಳಾಗಿ, ಜಲ್ಲಿಯೇ ತಪ್ಪು ಎಂಬ ಕೂಗು ಏಳುತ್ತದೆ. ತಪ್ಪು ಜಲ್ಲಿಯದಲ್ಲ, ಸನಿಕೆ ಹಿಡಿಯುವ ಕೈಗೆ ಸಂಬಳ ಕೊಡದ ಆಯವ್ಯಯದ್ದು. ಪೇಟೆಯ ಸುತ್ತಿನ ಏಳೆಂಟು ಕಿಲೋಮೀಟರಿಗೆ ಡಾಂಬರು ಇರಲಿ, ಶಾಲೆ ಕಚೇರಿಗೆ ಹೋಗುವವರಿಗೆ ಅದು ಬೇಕು. ಅದರಾಚೆ ನುಣ್ಣನೆ ಉರುಳೆ ಹೊಡೆದ ಜಲ್ಲಿ ಇರಲಿ. ಮಳೆ ನೀರು ಇಂಗುತ್ತದೆ, ಬೇಸಗೆಯಲ್ಲಿ ಕಾಯುವುದಿಲ್ಲ, ಕುದುರೆಯ ಕಾಲಿಗೆ ಹಿತ, ವೇಗವೂ ತಾನಾಗಿ ಇಳಿಯುತ್ತದೆ. ನಡೆಯುವ ಅಜ್ಜನೂ ಸೈಕಲ್ಲಿನ ಹುಡುಗನೂ ಜಗಳವಿಲ್ಲದೆ ಒಂದೇ ದಾರಿಯಲ್ಲಿ ಹೋಗಬೇಕಾದರೆ ಆ ವೇಗವೇ ಸರಿ.

ಅಗಲ ಟೈರಿನ ಗ್ರ್ಯಾವೆಲ್ ಸೈಕಲ್ ಅಮೆರಿಕದಿಂದ ಬಂದ ಹೊಸ ಚಾಳಿ ಎಂದು ಬಹಳ ಜನ ನಂಬಿದ್ದಾರೆ. ಕಾನ್ಸಸ್‌ನಲ್ಲಿ 2006ರಲ್ಲಿ ಶುರುವಾದ ಜಲ್ಲಿ ಪಂದ್ಯದಿಂದ ಈ ಹೆಸರು ಹರಡಿದ್ದು ನಿಜ. ಆದರೆ ಫ್ರಾನ್ಸಿನವರಿಗೆ ಇದು ಹಳೆಯ ಪಾಠ. ಸೇಂಟ್ ಎಟಿಯೆನ್‌ನ ಪೋಲ್ ದ ವಿವಿ, ವೆಲೋಸಿಯೊ ಎಂಬ ಹೆಸರಿನಿಂದ 1887ರಲ್ಲೇ ‘ಲ ಸಿಕ್ಲಿಸ್ತ್’ ಪತ್ರಿಕೆ ತೆಗೆದ, ಗೇರು ಬದಲಿಸುವ ಸೈಕಲ್ಲುಗಳನ್ನು ಪರ್ವತದ ಮಣ್ಣುರಸ್ತೆಗಳಲ್ಲಿ ತಾನೇ ತುಳಿದು ಪರೀಕ್ಷಿಸಿದ. ಟೂರ್ ಡಿ ಫ್ರಾನ್ಸ್ ಸ್ಪರ್ಧಿಗಳಿಗೆ ಗೇರು ಬದಲಿಸುವ ಸಾಧನ ಬಳಸಲು ಅನುಮತಿ ಸಿಕ್ಕಿದ್ದು 1937ರಲ್ಲಿ, ಅವನು ಸತ್ತು ಏಳು ವರ್ಷದ ಮೇಲೆ. ಫ್ರೆಂಚ್ ಪ್ರವಾಸಿ ಸೈಕಲ್ಲುಗಳು ತೊಟ್ಟಿದ್ದ 650ಬಿ ಎಂಬ ಅಗಲ ಚಕ್ರದ ಅಳತೆಯನ್ನೇ ಇಂದಿನ ಕೆಲವು ಗ್ರ್ಯಾವೆಲ್ ಕಂಪನಿಗಳು ಮತ್ತೆ ಎತ್ತಿಕೊಂಡಿವೆ. ಬ್ರಿಟನಿಯಲ್ಲಿ 1984ರಿಂದ ನಡೆಯುವ ಟ್ರೊ-ಬ್ರೊ ಲಿಯೋನ್ ಪಂದ್ಯವಂತೂ ಹಳ್ಳಿಯ ಎಷ್ಟೋ ಮಣ್ಣುದಾರಿಗಳನ್ನು ಹಾದು ಓಡುತ್ತದೆ. ಬ್ರೆಟನ್ ಭಾಷೆಯಲ್ಲಿ ಪಾಠ ಹೇಳುವ ದಿವಾನ್ ಶಾಲೆಗಳಿಗೆ ಹಣ ಕೂಡಿಸಲು ಹುಟ್ಟಿದ ಪಂದ್ಯ ಅದು. ಮೊದಲು ಬಂದ ಸ್ಥಳೀಯ ಸವಾರನಿಗೆ ಹಂದಿಮರಿ ಬಹುಮಾನ.

ಮಾರಾಟದ ಮಾತುಗಳ ಬಗ್ಗೆ ಎಚ್ಚರ ಬೇಕು. ನಕ್ಷೆಯಲ್ಲಿ ಹಸಿರುಗೆರೆ ಎಳೆದ ಮಾತ್ರಕ್ಕೆ ಅದೆಲ್ಲ ವಾಹನರಹಿತ ಅಲ್ಲ. ರಾಷ್ಟ್ರೀಯ ನಕ್ಷೆ 2030ಕ್ಕೆ ಸುಮಾರು 26,000 ಕಿಲೋಮೀಟರಿನ ಗುರಿ ಇಟ್ಟಿದೆ. ಅದರಲ್ಲಿ ಹಸಿರುದಾರಿಯೂ ಇದೆ, ಕಾರು ಕಡಿಮೆ ಓಡುವ ಹಳ್ಳಿರಸ್ತೆಯೂ ಇದೆ. ಲೋಯರ್ ನದಿಯುದ್ದದ 900 ಕಿಲೋಮೀಟರಿನ ಪ್ರಸಿದ್ಧ ಮಾರ್ಗದಲ್ಲಿ ಇಂಥ ರಸ್ತೆಗಳದೇ ದೊಡ್ಡ ಪಾಲು. ಚೆನ್ನಾಗಿಯೇ ಇದೆ, ಆದರೆ ಅಳುಕುವ ಮಗುವನ್ನು ಕರೆದೊಯ್ಯುವವರು ವ್ಯತ್ಯಾಸ ತಿಳಿದು ಹೋಗಬೇಕು. ದಾರಿಯ ಬಾಯಲ್ಲಿ ಮೋಟಾರುಬೈಕು ತಡೆಯಲು ಹಾಕಿದ ಗೇಟುಗಳು ಕೆಲವೆಡೆ ಎಷ್ಟು ಇಕ್ಕಟ್ಟೆಂದರೆ ಸಾಮಾನು ಕಟ್ಟಿದ ಸೈಕಲ್ಲನ್ನು ಎತ್ತಿ ದಾಟಿಸಬೇಕು, ಅಂಗವಿಕಲರ ಮೂರುಗಾಲಿಯಂತೂ ನುಸುಳುವುದೇ ಇಲ್ಲ. ಇದನ್ನು ಸರಿಪಡಿಸಲು ದುಡ್ಡಿಗಿಂತ ಮನಸ್ಸು ಬೇಕು.

ಹೊರಡುವವರಿಗೆ ಕೆಲವು ಮಾತು. ಪ್ರಾದೇಶಿಕ ರೈಲುಗಳಲ್ಲಿ ಸೈಕಲ್ಲಿಗೆ ಸಾಮಾನ್ಯವಾಗಿ ದುಡ್ಡಿಲ್ಲ, ಬೇಸಗೆಯಲ್ಲಿ ಕೆಲವೆಡೆ ಜಾಗ ಕಾಯ್ದಿರಿಸಬೇಕು. ವೇಗದ ರೈಲುಗಳಲ್ಲಿ ಜಾಗ ಬೆರಳೆಣಿಕೆಯಷ್ಟು. 2019ರ ಸಾರಿಗೆ ಕಾನೂನು ಹೊಸ ರೈಲುಗಳಲ್ಲಿ ಸೈಕಲ್ ಜಾಗ ಕಡ್ಡಾಯ ಮಾಡಿದೆ, ಹಳೆಯವು ಇನ್ನೂ ಓಡುತ್ತಿವೆ. ಹಳ್ಳಿಯ ಬೇಕರಿ ಸೋಮವಾರ ಮುಚ್ಚಿರುವುದು ಸಾಮಾನ್ಯ, ಮಧ್ಯಾಹ್ನವಂತೂ ಅಂಗಡಿಗಳೆಲ್ಲ ಬಾಗಿಲು ಹಾಕಿರುತ್ತವೆ. ನೀರು ತೀರಿದರೆ ಊರಿನ ಸ್ಮಶಾನ ಹುಡುಕಿ, ಹೂಗಿಡಗಳಿಗೆಂದು ಅಲ್ಲಿ ನಲ್ಲಿ ಇಟ್ಟಿರುತ್ತಾರೆ. ಕುಡಿಯಲು ಯೋಗ್ಯವಲ್ಲ ಎಂಬ ಫಲಕ ಇಲ್ಲದಿದ್ದರೆ ಸವಾರರೆಲ್ಲ ಅಲ್ಲೇ ಬಾಟಲಿ ತುಂಬಿಸುತ್ತಾರೆ.

ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ದೂರಸವಾರರಿಗೆ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ಹೆಸರು ಹೊಸದಲ್ಲ. ನಾಲ್ಕು ವರ್ಷಕ್ಕೊಮ್ಮೆ, ಸುಮಾರು 1,200 ಕಿಲೋಮೀಟರ್, 90 ಗಂಟೆಯೊಳಗೆ. ಈಚಿನ ಸುತ್ತುಗಳಲ್ಲಿ ಭಾರತದಿಂದ ನೂರಾರು ಜನ ಹೋಗಿದ್ದಾರೆ, ಮುಂದಿನದು 2027ರ ಆಗಸ್ಟಿನಲ್ಲಿ. ಆ ಸವಾರಿ ಪೆರ್ಶ್ ಸೀಮೆಯ ಮೋರ್ತಾನ್ಯವನ್ನೂ ಬ್ರಿಟನಿಯ ಕಾರೆಯನ್ನೂ ಹಾದುಹೋಗುತ್ತದೆ. ಮೊದಲನೆಯದರ ಬಳಿ ಅಲಾನ್ಸೋನ್ ರೈಲುದಾರಿ ಇದೆ, ಎರಡನೆಯದರ ಬಳಿ ನಾಂತ್-ಬ್ರೆಸ್ಟ್ ಕಾಲುವೆ. ನಿದ್ದೆಗೆಟ್ಟ ಕಣ್ಣಿಗೆ ಎರಡೂ ಕಾಣುವುದಿಲ್ಲ. ವೀಸಾ, ವಿಮಾನ, ಸೈಕಲ್ ಪೆಟ್ಟಿಗೆಯ ಖರ್ಚು ಹೇಗೂ ಆಗಿರುತ್ತದೆ. ಇನ್ನೊಂದು ವಾರ ರಜೆ ಬರೆಯಿರಿ, 40 ಮಿಲಿಮೀಟರ್ ಟೈರು ಹಿಡಿಸುವ ಸೈಕಲ್ಲನ್ನೇ ಒಯ್ಯಿರಿ, ಸವಾರಿ ಮುಗಿಸಿ ನಿದ್ದೆ ಮಾಡಿ ಎದ್ದ ಮೇಲೆ ರೈಲಿನಲ್ಲಿ ಬ್ರಿಟನಿಗೆ ಮರಳಿ, ಕಾರೆಯ ದಕ್ಷಿಣಕ್ಕೆ ಕಾಲುವೆಯ ದಂಡೆ ಹಿಡಿದು ಪೂರ್ವಕ್ಕೆ ಹೊರಡಿ. ಕಾಲುವೆಯ ಮೇಲಿನ ರೆಡಾನ್ ಊರಿನಲ್ಲಿ ಪ್ಯಾರಿಸಿಗೆ ನೇರ ರೈಲು ಸಿಗುತ್ತದೆ. ಸೈಕಲ್ ಜಾಗವನ್ನು ಇಲ್ಲಿಂದಲೇ ಕಾಯ್ದಿರಿಸಿ.